ಎಡಗಡೆ ಪೆಡಲು ಉಲ್ಟಾ

ಸೈಕಲ್ಲಿಗೆ ಪಂಚರ್ ಆದರೆ ಅಂದೇ ತಳ್ಳಿಕೊಂಡು ಹೋಗಿ ಹಾಕಿಸುತ್ತೇವೆ. ಚೈನು ಕಳಚಿದರೆ ಕೈಯೆಲ್ಲ ಮಸಿ ಮಾಡಿಕೊಂಡಾದರೂ ನಡುರಸ್ತೆಯಲ್ಲೇ ಏರಿಸುತ್ತೇವೆ. ಬ್ರೇಕಿನ ರಬ್ಬರು ಸವೆದರೆ ಒಂದು ವಾರ ಕಾಲು ನೆಲಕ್ಕೆ ಒತ್ತಿ ನಿಲ್ಲಿಸಿ, ಆಮೇಲೆ ಹಾಕಿಸುತ್ತೇವೆ. ಪೆಡಲಿನ ಸರದಿ ಮಾತ್ರ ಬರುವುದೇ ಇಲ್ಲ. ಮೊದಲು ಒಂದು ರಬ್ಬರು ಉದುರುತ್ತದೆ, ಮುಂದಿನ ಮಳೆಗಾಲಕ್ಕೆ ಇನ್ನೊಂದು. ಆಮೇಲೆ ತಗಡಿನ ಪಟ್ಟಿ ಕಿತ್ತು ಬರುತ್ತದೆ. ಕೊನೆಗೆ ಉಳಿಯುವುದು ಕ್ರ್ಯಾಂಕಿನಿಂದ ಹೊರಗೆ ಚಾಚಿದ ಬೆರಳು ಗಾತ್ರದ ಕಬ್ಬಿಣದ ಕಡ್ಡಿ. ಆ ಕಡ್ಡಿಯ ಮೇಲೆ ಹವಾಯಿ ಚಪ್ಪಲಿಯ ಕಾಲಿಟ್ಟು, ಕ್ಯಾರಿಯರ್ ಮೇಲೆ ಹುಲ್ಲಿನ ಹೊರೆಯನ್ನೋ ಹಾಲಿನ ಕ್ಯಾನನ್ನೋ ಕಟ್ಟಿಕೊಂಡು, ವರ್ಷಗಟ್ಟಲೆ ಓಡಾಡುವವರನ್ನು ಮಂಡ್ಯ ಸೀಮೆಯ ಯಾವ ಊರಿನಲ್ಲಾದರೂ ನೋಡಬಹುದು.

ಪೂರಿಗಾಲಿ ಅಂಥ ಊರುಗಳಲ್ಲಿ ಒಂದು. ಮಳವಳ್ಳಿ ತಾಲ್ಲೂಕಿನ ಈ ಊರಿನ ಹೆಸರು ಹೊರಗಿನವರಿಗೆ ಗೊತ್ತಾದದ್ದು ಹನಿ ನೀರಾವರಿ ಯೋಜನೆಯಿಂದ. ಕಾವೇರಿ ಹತ್ತಿರದಲ್ಲೇ ಹರಿದರೂ ಹೊಲಕ್ಕೆ ಹತ್ತದ ನೀರನ್ನು ಎತ್ತಿ, ಪೈಪಿನಲ್ಲಿ ಹಾಯಿಸುವ ಯೋಜನೆ ಅದು. ನೀರು, ಪೈಪು, ಪರಿಹಾರದ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅದೇ ಹೊಲಗಳಿಗೆ ಬೆಳಗ್ಗೆ ಹೋಗಿ ಸಂಜೆ ಬರುವವರು, ಡೇರಿಗೆ ಹಾಲು ಹಾಕುವವರು, ಹೈಸ್ಕೂಲಿಗೆ ಹೋಗುವ ಮಕ್ಕಳು, ಹಿಪ್ಪುನೇರಳೆ ಸೊಪ್ಪು ಹೇರಿಕೊಂಡು ಬರುವವರು ತುಳಿಯುವ ಪೆಡಲಿನ ಬಗ್ಗೆ ಯಾರೂ ಬರೆದ ಹಾಗಿಲ್ಲ. ಬೈಕು ಬಂದು ಸೈಕಲ್ಲು ಮೂಲೆಗೆ ಸೇರಿತು ಅಂತ ಹೇಳುವುದು ಸುಲಭ. ಬೈಕು ಮಗನ ಪಾಲಿಗೆ ಹೋದ ಮನೆಗಳಲ್ಲಿ ಅಪ್ಪನ ಪಾಲಿಗೆ ಇನ್ನೂ ಸೈಕಲ್ಲೇ ಇದೆ.

ಪೆಡಲಿನಲ್ಲಿ ತಿಳಿದುಕೊಳ್ಳಲು ಏನಿದೆ ಅಂತ ಕೇಳಬಹುದು. ಬೇಕಾದಷ್ಟಿದೆ. ಬ್ರೇಕನ್ನು ಆಗೀಗ ಹಿಡಿಯುತ್ತೇವೆ, ಸೀಟಿನಿಂದ ಏರಿನಲ್ಲಿ ಎದ್ದು ನಿಲ್ಲುತ್ತೇವೆ. ಪೆಡಲಿನಿಂದ ಮಾತ್ರ ಕಾಲು ತೆಗೆಯುವುದು ನಿಲ್ಲುವಾಗ, ಇಲ್ಲವೇ ಬೀಳುವಾಗ. ಏರಿನಲ್ಲಿ ಎದ್ದು ತುಳಿಯುವವನ ಮೈಭಾರವೆಲ್ಲ ಒಂದು ಪಾದದಷ್ಟು ಜಾಗದ ಮೇಲೆ ಕೂತಿರುತ್ತದೆ. ಆಗ ಕಾಲು ಜಾರಿದರೆ ಮೊಣಕಾಲ ಕೆಳಗಿನ ಎಲುಬು ಪೆಡಲಿಗೆ ಬಡಿಯುತ್ತದೆ, ಗಂಡಸರ ಸೈಕಲ್ಲಾದರೆ ಬಾರು ಎಲ್ಲಿ ಬಡಿಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಹಳೆಯ ಕಪ್ಪು ಸೈಕಲ್ಲಿನ ಪೆಡಲಿನಿಂದಲೇ ಶುರು ಮಾಡೋಣ. ಹೀರೊ, ಅಟ್ಲಾಸ್, ಹರ್ಕ್ಯುಲಿಸ್ ಯಾವುದೇ ಇರಲಿ, ಪೆಡಲು ಒಂದೇ ಥರ: ನಡುವೆ ಉಕ್ಕಿನ ಕಡ್ಡಿ, ಅದರ ಎರಡು ತುದಿಗೆ ಬಾಲ್ಸು, ಅದರ ಮುಂದೊಂದು ಹಿಂದೊಂದು ದಪ್ಪ ರಬ್ಬರು, ಅವನ್ನು ಹಿಡಿದಿಡುವ ತಗಡು, ಹೊರತುದಿಗೆ ಒಂದು ಮುಚ್ಚಳ. ನನ್ನ ಅಭಿಪ್ರಾಯದಲ್ಲಿ ನಮ್ಮ ರಸ್ತೆಗೂ ನಮ್ಮ ಕಾಲಿಗೂ ಇದಕ್ಕಿಂತ ಹೊಂದುವ ಪೆಡಲು ಇನ್ನೂ ಬಂದಿಲ್ಲ. ಬರಿಗಾಲಲ್ಲಿ ತುಳಿದರೂ ಚುಚ್ಚುವುದಿಲ್ಲ, ಚಪ್ಪಲಿಯಲ್ಲಿ ತುಳಿದರೂ ಹಿಡಿತ ಇರುತ್ತದೆ. ಆದರೆ ಹೊಸದಾಗಿರುವ ತನಕ ಮಾತ್ರ. ರಬ್ಬರಿನ ಮೇಲಿನ ಗೀರು ಸವೆದು ನುಣ್ಣಗಾದ ಮೇಲೆ ಮಳೆಯಲ್ಲಿ, ಅದರಲ್ಲೂ ಗದ್ದೆಯ ಕೆಸರು ಮೆತ್ತಿದ ಅಂಗಾಲಿನಲ್ಲಿ, ಅದು ಸೋಪಿನಂತೆ ಜಾರುತ್ತದೆ. ರಬ್ಬರು ಒಳಗಿನ ಕಡ್ಡಿಯ ಮೇಲೆ ತಾನೇ ಗಿರಗಿರ ತಿರುಗತೊಡಗಿದರಂತೂ ಇನ್ನೂ ಅಪಾಯ. ಕಾಲಿಗೆ ಪೆಡಲು ಇದೆ ಅನ್ನಿಸುತ್ತಿರುತ್ತದೆ, ಒತ್ತಿದಾಗ ಇರುವುದಿಲ್ಲ.

ಎಡಗಡೆ ಪೆಡಲನ್ನು ಸ್ವಲ್ಪ ಬಗ್ಗಿ ನೋಡಿ. ಹೆಚ್ಚಿನ ಹಳೆಯ ಸೈಕಲ್ಲುಗಳಲ್ಲಿ ಮೊದಲು ಸೊಟ್ಟಗಾಗುವುದು ಅದೇ. ನಾವು ಸೈಕಲ್ ಹತ್ತುವ ರೀತಿ ಇದಕ್ಕೆ ಕಾರಣ. ಎಡಗಾಲನ್ನು ಎಡ ಪೆಡಲಿನ ಮೇಲಿಟ್ಟು, ಬಲಗಾಲಿನಿಂದ ನೆಲವನ್ನು ನಾಲ್ಕು ಸಲ ಒದ್ದು, ಓಟ ಸಿಕ್ಕ ಮೇಲೆ ಬಲಗಾಲನ್ನು ಹಿಂದಿನಿಂದ ಸುತ್ತಿ ತರುತ್ತೇವೆ. ಇಳಿಯುವಾಗಲೂ ಇದೇ, ಹಿಂದುಮುಂದಾಗಿ. ಅಷ್ಟು ಹೊತ್ತೂ ಇಡೀ ದೇಹದ ಭಾರ ಆ ಒಂದು ಕಡ್ಡಿಯ ಹೊರತುದಿಯ ಮೇಲೆ ಬಿದ್ದಿರುತ್ತದೆ. ಕಡ್ಡಿ ಬಾಗಿದರೆ ಪೆಡಲು ಪ್ರತಿ ಸುತ್ತಿಗೂ ಪಾದವನ್ನು ಒಳಗೊಮ್ಮೆ ಹೊರಗೊಮ್ಮೆ ವಾಲಿಸುತ್ತದೆ. ಸಂಜೆ ಮಂಡಿನೋವು ಅಂತ ಎಣ್ಣೆ ತಿಕ್ಕಿಸಿಕೊಳ್ಳುವ ಎಷ್ಟೋ ಮಂದಿ ಮಂಡಿ ನೋಡಿಕೊಳ್ಳುವ ಮೊದಲು ಪೆಡಲು ನೋಡಿಕೊಳ್ಳುವುದು ಒಳ್ಳೆಯದು. ಹತ್ತುವಾಗ ಪಾದವನ್ನು ಪೆಡಲಿನ ಹೊರ ಅಂಚಿಗೆ ಇಡದೆ ಕ್ರ್ಯಾಂಕಿಗೆ ಹತ್ತಿರ ಇಟ್ಟರೆ ಕಡ್ಡಿಯ ಮೇಲಿನ ಹೊರೆ ಸಾಕಷ್ಟು ಇಳಿಯುತ್ತದೆ.

ಸವೆದ ಪೆಡಲಿಗೆ ಸೇರಿದ ಇನ್ನೊಂದು ಸಂಗತಿ ಬಾಲ್ಸಿನದು. ವರ್ಷಕ್ಕೊಮ್ಮೆ ಮುಚ್ಚಳ ಬಿಚ್ಚಿ ಗ್ರೀಸು ತುಂಬಿದರೆ ಪೆಡಲು ಹತ್ತು ವರ್ಷ ಬಂದೀತು. ನಾವು ತುಂಬುವುದಿಲ್ಲ. ಕರಕರ ಸದ್ದು ಬಂದಾಗ ಮೇಲಿಂದ ಒಂದು ತೊಟ್ಟು ಎಣ್ಣೆ ಬಿಟ್ಟು ಸುಮ್ಮನಾಗುತ್ತೇವೆ. ಆ ಎಣ್ಣೆ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ, ಸ್ವಲ್ಪ ರಬ್ಬರಿಗೂ ಹತ್ತಿ ಅದನ್ನು ಇನ್ನಷ್ಟು ಜಾರಿಸುತ್ತದೆ.

ಪೆಡಲು ಬದಲಿಸಲು ಮನೆಯಲ್ಲೇ ಸ್ಪ್ಯಾನರ್ ಹಿಡಿದವರು ಒಂದಲ್ಲ ಒಂದು ದಿನ ಪೇಚಿಗೆ ಸಿಕ್ಕಿರುತ್ತಾರೆ. ಬಲ ಪೆಡಲು ಸರಾಗವಾಗಿ ಬಿಚ್ಚಿ ಬರುತ್ತದೆ. ಎಡಗಡೆಯದನ್ನು ಎಷ್ಟು ತಿರುಗಿಸಿದರೂ ಇನ್ನೂ ಬಿಗಿಯಾಗುತ್ತದೆ. ಪಂಚರ್ ಅಂಗಡಿಯಲ್ಲಿ ಕೇಳಿದರೆ, ಹೊಗೆಸೊಪ್ಪು ಒಂದು ಕಡೆಗೆ ಸರಿಸಿಕೊಂಡು, "ಎಡಗಡೇದು ಉಲ್ಟಾ ಕಣಣ್ಣೋ" ಅನ್ನುತ್ತಾರೆ. ನಿಜ. ಬಲ ಪೆಡಲಿಗೆ ಬಲ ಥ್ರೆಡ್ಡು, ಎಡ ಪೆಡಲಿಗೆ ಎಡ ಥ್ರೆಡ್ಡು. ಜಗತ್ತಿನ ಯಾವ ದೇಶದ ಸೈಕಲ್ಲಿಗೂ ಇದೇ ಲೆಕ್ಕ. ಕಡ್ಡಿಯ ತುದಿಯಲ್ಲೋ ಮಗ್ಗುಲಲ್ಲೋ ಎಲ್, ಆರ್ ಅಂತ ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಅಕ್ಷರ ಸವೆದಿದ್ದರೆ ಥ್ರೆಡ್ಡಿನ ಗೆರೆ ಯಾವ ಕಡೆಗೆ ಏರಿದೆ ಅಂತ ನೋಡಬೇಕು. ನೆನಪಿಡಲು ಒಂದು ಉಪಾಯವಿದೆ: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿ ನಿಲ್ಲುವಂತೆ ಇಟ್ಟು ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಎರಡೂ ಪೆಡಲು ಬಿಗಿ, ಹಿಂದಿನ ಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲ. ಎಡ ಬಲ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹೀಗೆ ಯಾಕೆ ಮಾಡಿದರು ಅನ್ನುವುದು ಸ್ವಾರಸ್ಯದ ವಿಷಯ. ಪೆಡಲಿನ ಬಾಲ್ಸು ಬಿಗಿಯಾಗಿದ್ದರೆ ಅದು ಕಡ್ಡಿಯನ್ನೂ ತನ್ನ ಜೊತೆ ಎಳೆದು ಬಿಚ್ಚುತ್ತದೆ, ಅದನ್ನು ತಡೆಯಲಿಕ್ಕೆ ಎಂದು ಬಹಳ ಮಂದಿ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಈಗಿರುವ ಥ್ರೆಡ್ಡಿನಲ್ಲಿ ಆ ಎಳೆತ ಪೆಡಲನ್ನು ಬಿಚ್ಚುವ ದಿಕ್ಕಿಗೇ ಇದೆ! ಅದನ್ನು ಮೀರಿಸುವ ಇನ್ನೊಂದು ಬಲ ಅಲ್ಲಿದೆ. ಒಂದು ಪೆನ್ಸಿಲನ್ನು ಎಡಗೈ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಅದರ ಹೊರಗಿನ ತುದಿಯನ್ನು ಬಲಗೈಯಿಂದ ವೃತ್ತಾಕಾರದಲ್ಲಿ ಆಡಿಸಿ. ನೀವು ಆಡಿಸುವ ದಿಕ್ಕಿಗೆ ವಿರುದ್ಧವಾಗಿ ಪೆನ್ಸಿಲು ಮುಷ್ಟಿಯೊಳಗೆ ತನ್ನಷ್ಟಕ್ಕೆ ಉರುಳುತ್ತದೆ. ಕಾಲಿನ ಒತ್ತಡ ಪ್ರತಿ ಸುತ್ತಿನಲ್ಲೂ ಕಡ್ಡಿಯನ್ನು ಕ್ರ್ಯಾಂಕಿನ ತೂತಿನ ಗೋಡೆಗೆ ಒತ್ತುತ್ತಾ ಸುತ್ತುವಾಗ ಇದೇ ನಡೆಯುತ್ತದೆ. ಎಡಗಡೆಗೂ ಬಲ ಥ್ರೆಡ್ಡೇ ಇದ್ದರೆ ಕೂದಲೆಳೆಯಷ್ಟು ಸಡಿಲ ಸಾಕು, ಸಾವಿರಾರು ಸುತ್ತು ತುಳಿಯುವಷ್ಟರಲ್ಲಿ ಎಡ ಪೆಡಲು ಬಿಚ್ಚಿ ಬಂದೀತು. ಎಡಗಡೆ ಥ್ರೆಡ್ಡನ್ನು ಉಲ್ಟಾ ಮಾಡಿದ್ದರಿಂದ ಈ ಉರುಳಾಟ ಎರಡೂ ಪೆಡಲನ್ನು ಬಿಗಿ ಮಾಡುವ ದಿಕ್ಕಿಗೆ ತಿರುಗಿತು. ವಿಮಾನ ಹಾರಿಸಿದ ರೈಟ್ ಸಹೋದರರು ಅದಕ್ಕೂ ಮೊದಲು ಅಮೆರಿಕದ ಡೇಟನ್ ಊರಿನಲ್ಲಿ ಸೈಕಲ್ ಅಂಗಡಿಯವರು. 1892ರಲ್ಲಿ ಅಂಗಡಿ ತೆರೆದು, 1896ರಿಂದ ತಮ್ಮದೇ ಸೈಕಲ್ ಮಾಡುತ್ತಿದ್ದ ಅವರು 1900ರ ಸುಮಾರಿಗೆ ಎಡ ಪೆಡಲಿಗೆ ಎಡ ಥ್ರೆಡ್ಡು ಹಾಕಿ, ಇನ್ನು ಪೆಡಲು ಕಳಚಿ ಬೀಳುವುದಿಲ್ಲ ಅಂತ ಪ್ರಚಾರ ಮಾಡಿದರು.

ಇಷ್ಟಾದರೂ ಪೆಡಲು ಕಳಚುತ್ತದೆ, ಹಾಕುವಾಗಲೇ ತಪ್ಪಿದ್ದರೆ. ಪೆಡಲನ್ನು ಮೊದಲು ಬರಿಗೈಯಲ್ಲಿ ಮೂರು ನಾಲ್ಕು ಸುತ್ತು ತಿರುಗಿಸಬೇಕು. ಕೈಗೆ ಸಲೀಸಾಗಿ ಹೋಗದಿದ್ದರೆ ಒಂದೋ ಎಡ ಬಲ ಅದಲು ಬದಲಾಗಿದೆ, ಇಲ್ಲವೇ ಓರೆಯಾಗಿ ಕೂತಿದೆ. ಆಗ ಸ್ಪ್ಯಾನರ್ ಹಾಕಿ ಜಗ್ಗಿದರೆ ಕ್ರ್ಯಾಂಕಿನ ಥ್ರೆಡ್ಡು ಹೋಯಿತು. ಹಳೆಯ ಸೈಕಲ್ಲಿನ ಉಕ್ಕಿನ ಕ್ರ್ಯಾಂಕು ಸ್ವಲ್ಪ ತಡೆದೀತು, ಈಗಿನ ಗೇರ್ ಸೈಕಲ್ಲಿನ ಅಲ್ಯೂಮಿನಿಯಂ ಕ್ರ್ಯಾಂಕು ತಡೆಯುವುದಿಲ್ಲ. ಇನ್ನೂರು ಮುನ್ನೂರು ರೂಪಾಯಿಯ ಪೆಡಲಿಗಾಗಿ ಸಾವಿರಾರು ರೂಪಾಯಿಯ ಕ್ರ್ಯಾಂಕು ಕಳೆದುಕೊಂಡಂತೆ. ಥ್ರೆಡ್ಡಿಗೆ ಒಂದಿಷ್ಟು ಗ್ರೀಸು ಹಚ್ಚಿ ಹಾಕಿದರೆ ಮುಂದೆ ಬಿಚ್ಚುವಾಗ ಸುತ್ತಿಗೆ ಹುಡುಕುವುದು ತಪ್ಪುತ್ತದೆ.

ಕಪ್ಪು ಸೈಕಲ್ಲಿನವರಿಗೆ ಇನ್ನೊಂದು ಮಾತು. ಪೆಡಲು ತುಳಿಯುವಾಗ ಪ್ರತಿ ಸುತ್ತಿಗೂ ಒಮ್ಮೆ ಟಕ್ ಅಂತ ಕಾಲಿಗೆ ಒಂದು ಜರ್ಕು ಬರುತ್ತಿದ್ದರೆ ತಪ್ಪು ಪೆಡಲಿನದಲ್ಲ, ಕ್ರ್ಯಾಂಕನ್ನು ಅಚ್ಚಿಗೆ ಹಿಡಿದಿಡುವ ಕಾಟರ್ ಪಿನ್ನಿನದು. ಪಿನ್ನು ಸವೆದರೆ ಎರಡು ಪೆಡಲು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ, ಒಂದು ಮುಂದಕ್ಕೆ ವಾಲಿರುತ್ತದೆ. ಪಿನ್ನಿನ ನಟ್ಟು ಬಿಗಿ ಮಾಡಿ ಸಮಾಧಾನ ಪಟ್ಟುಕೊಳ್ಳುವುದು ಒಂದು ದಿನದ ಆಟ. ಹೊಸ ಪಿನ್ನಿನ ಬೆಲೆಯಲ್ಲಿ ಎರಡು ಟೀ ಬರುತ್ತದೋ ಇಲ್ಲವೋ. ಅದನ್ನು ಮುಂದಕ್ಕೆ ಹಾಕಿ ಏರಿನಲ್ಲಿ ಪಿನ್ನು ಮುರಿದುಕೊಂಡವರಿಗೆ ಮಾತ್ರ ಅದರ ಬೆಲೆ ಗೊತ್ತು.

ಇನ್ನು ಮಕ್ಕಳ ಪಾಲಿನ ಪೆಡಲು. ಒಂದು ಕಾಲದಲ್ಲಿ ನಮ್ಮ ಕಡೆ ಸೈಕಲ್ ಕಲಿಯುವುದು ಅಂದರೆ ಒಳಪೆಡಲ್ ಹೊಡೆಯುವುದು. ಗಂಟೆಗಿಷ್ಟು ಅಂತ ಬಾಡಿಗೆಗೆ ತಂದ ದೊಡ್ಡ ಸೈಕಲ್ಲು, ಸೀಟು ಎದೆಮಟ್ಟಕ್ಕೆ. ಬಾರಿನ ಕೆಳಗೆ, ಫ್ರೇಮಿನ ತ್ರಿಕೋನದ ನಡುವೆ ಬಲಗಾಲು ತೂರಿಸಿ ಬಲ ಪೆಡಲು ಹಿಡಿಯಬೇಕು, ಮೈ ಎಡಕ್ಕೆ ವಾಲಿರಬೇಕು, ಸೈಕಲ್ಲು ಬಲಕ್ಕೆ ವಾಲಿರಬೇಕು. ಪೂರ್ತಿ ಸುತ್ತು ತುಳಿಯಲು ಎಟುಕದೆ ಅರ್ಧ ಅರ್ಧ ತುಳಿಯುವುದು. ಅದರ ಬಗ್ಗೆ ಈಗ ಎಲ್ಲರೂ ಅಕ್ಕರೆಯಿಂದ ಬರೆಯುತ್ತಾರೆ. ನನಗೆ ಅಷ್ಟು ಅಕ್ಕರೆ ಇಲ್ಲ. ಪೆಡಲಿನಿಂದ ಜಾರಿದ ಕಾಲು ಚೈನಿಗೂ ಹಲ್ಲಿನ ಚಕ್ರಕ್ಕೂ ನಡುವೆ ಸಿಕ್ಕಿಕೊಂಡು ಹಿಮ್ಮಡಿ ಕಿತ್ತುಕೊಂಡ ಹುಡುಗರು ಆ ತಲೆಮಾರಿನಲ್ಲಿ ಊರಿಗೆ ಒಬ್ಬಿಬ್ಬರಾದರೂ ಇದ್ದರು.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲಿಗೆ ಸೈಕಲ್ ಸಾಲಿನಲ್ಲಿ ಹೋಗುವ ನೋಟ ಆಗ ಮೊದಲ ಬಾರಿಗೆ ಕಂಡಿತು. ಕೋವಿಡ್ ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಅಷ್ಟರಲ್ಲಿ ಹಂಚಿದ ಸೈಕಲ್ಲುಗಳು ಅಕ್ಕನಿಂದ ತಂಗಿಗೆ, ತಂಗಿಯಿಂದ ಅಪ್ಪನಿಗೆ ದಾಟಿಕೊಂಡು ಇಂದಿಗೂ ಊರಿನಲ್ಲಿ ಓಡಾಡುತ್ತಿವೆ. ಬಿಡಿಭಾಗಗಳಾಗಿ ಬಂದು ಅವಸರದಲ್ಲಿ ಜೋಡಣೆಯಾದ ಯಾವ ಸೈಕಲ್ಲನ್ನೇ ಆಗಲಿ ಮಗುವಿನ ಕೈಗೆ ಕೊಡುವ ಮುಂಚೆ ಎರಡು ಪೆಡಲಿಗೂ ಸ್ಪ್ಯಾನರ್ ಹಾಕಿ ನೋಡಬೇಕು. ಮೊದಲ ವಾರ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು. ಅರ್ಧ ಸಡಿಲವಾದ ಪೆಡಲು ತುಳಿದಷ್ಟೂ ಕ್ರ್ಯಾಂಕಿನ ಥ್ರೆಡ್ಡನ್ನು ಕಡಿದು ಹಾಕುತ್ತದೆ. ಆಮೇಲೆ ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಚಿಕ್ಕವರಿಗೆ ಸೈಕಲ್ ಕಲಿಸುವವರು ಎರಡು ಪೆಡಲನ್ನೂ ಬಿಚ್ಚಿ ಪಕ್ಕಕ್ಕಿಟ್ಟು ಕಲಿಸಲಿ. ಸೀಟು ಇಳಿಸಿ, ಎರಡು ಪಾದವೂ ನೆಲಕ್ಕೆ ಪೂರ್ತಿ ತಾಗುವ ಹಾಗೆ ಮಾಡಿ, ಶಾಲೆಯ ಮೈದಾನದಲ್ಲಿ ಕಾಲಿನಿಂದ ತಳ್ಳಿಕೊಂಡು ಹೋಗಲು ಬಿಟ್ಟರೆ ಮಗು ತಾನಾಗಿ ಬ್ಯಾಲೆನ್ಸ್ ಕಲಿಯುತ್ತದೆ. ಕಾಲು ಮೇಲೆತ್ತಿ ತೇಲಿಕೊಂಡು ಹೋಗುವುದು ಬಂದ ದಿನ ಪೆಡಲು ಹಾಕಿದರೆ ಮುಗಿಯಿತು. ಇದೇನೂ ಹೊಸದಲ್ಲ. 1817ರಲ್ಲಿ ಜರ್ಮನಿಯ ಮಾನ್‌ಹೈಮ್‌ನಲ್ಲಿ ಕಾರ್ಲ್ ಡ್ರೈಸ್ ಓಡಿಸಿದ ಮೊದಲ ದ್ವಿಚಕ್ರ ಗಾಡಿಗೆ ಪೆಡಲೇ ಇರಲಿಲ್ಲ, ಅವನೂ ನೆಲ ಒದ್ದುಕೊಂಡೇ ಹೋದ. ಪೆಡಲು ಬಂದದ್ದು 1860ರ ದಶಕದಲ್ಲಿ ಫ್ರಾನ್ಸಿನಲ್ಲಿ, ಅದೂ ಮುಂದಿನ ಚಕ್ರಕ್ಕೆ.

ಮಳವಳ್ಳಿ, ಮಂಡ್ಯದ ಅಂಗಡಿಗಳಲ್ಲಿ ಈಗ ಹುಡುಗರು ಕೇಳುವುದು ದಪ್ಪ ಟೈರಿನ ಗೇರ್ ಸೈಕಲ್ಲು. ಅದರ ಜೊತೆ ಬರುವುದು ಪ್ಲಾಸ್ಟಿಕ್ ಪೆಡಲು. ಅಂಚಿಗೆ ಗರಗಸದಂಥ ಹಲ್ಲು, ನಡುವೆ ಟೊಳ್ಳು. ಶೂ ಹಾಕಿದವರಿಗೆ ಪರವಾಗಿಲ್ಲ. ಬರಿಗಾಲಿಗೂ ಚಪ್ಪಲಿಗೂ ಇದು ಒಗ್ಗುವುದಿಲ್ಲ. ಹವಾಯಿ ಚಪ್ಪಲಿಯ ಅಟ್ಟೆ ಎದ್ದು ತುಳಿಯುವಾಗ ನಡುವೆ ಮಡಚಿಕೊಳ್ಳುತ್ತದೆ, ಕಾಲು ಮುಂದಕ್ಕೆ ಜಾರಿ ಬೆರಳು ಮುಂದಿನ ಚಕ್ರಕ್ಕೆ ತಾಗುವಷ್ಟು ಹತ್ತಿರ ಹೋಗುತ್ತದೆ. ನಿಧಾನವಾಗಿ ತಿರುವು ತೆಗೆದುಕೊಳ್ಳುವಾಗ ಹೀಗಾದರೆ ಹ್ಯಾಂಡಲ್ಲು ಅಲ್ಲೇ ಲಾಕ್ ಆಗುತ್ತದೆ. ಬಿಸಿಲಿಗೆ ಒಣಗಿದ ಅಗ್ಗದ ಪ್ಲಾಸ್ಟಿಕ್ಕು ಒಂದು ಏರಿನಲ್ಲಿ ಎರಡು ಹೋಳಾಗುವುದೂ ಉಂಟು. ಅಂಥದ್ದನ್ನು ಬದಲಿಸುವವರು ಲೋಹದ ಪೆಡಲು ಹಾಕಿಸುತ್ತಾರೆ. ಅದರಲ್ಲಿ ಎರಡು ಬಗೆ. ಅಂಚಿಗೆ ಹಲ್ಲಿರುವ ಪಂಜರದಂಥದ್ದು ಒಂದು, ಅಗಲವಾದ ತಟ್ಟೆಯ ಮೇಲೆ ಸಣ್ಣ ಸಣ್ಣ ಮೊಳೆ ಎದ್ದಿರುವುದು ಇನ್ನೊಂದು. ಎರಡನೆಯದರ ಹಿಡಿತಕ್ಕೆ ಸಾಟಿಯಿಲ್ಲ, ದಪ್ಪ ರಬ್ಬರ್ ತಳದ ಶೂ ಇದ್ದರೆ ಮಳೆಯಲ್ಲೂ ಜಾರದು. ಆದರೆ ಜಾರಿದ ದಿನ ಆ ಮೊಳೆಗಳು ಮೊಣಕಾಲ ಕೆಳಗೆ ನಾಲ್ಕು ಗೆರೆ ಎಳೆದು ಹೋಗುತ್ತವೆ. ಗದ್ದೆಗೆ ಹೋಗುವ ಸೈಕಲ್ಲಿಗೆ ಇದು ಬೇಡವೇ ಬೇಡ.

ಯಾವ ಪೆಡಲೇ ಆಗಲಿ, ಕಾಲಿಡುವ ಜಾಗ ಒಂದೇ. ಬೆರಳುಗಳ ಹಿಂದೆ ಪಾದ ಉಬ್ಬಿರುವ ಕಡೆ ಕಡ್ಡಿಯ ನೇರಕ್ಕೆ ಬರಬೇಕು. ನಮ್ಮಲ್ಲಿ ಬಹಳ ಮಂದಿ ಪಾದದ ನಡುಭಾಗದಲ್ಲೋ ಹಿಮ್ಮಡಿಯಲ್ಲೋ ತುಳಿಯುತ್ತಾರೆ, ಸೀಟು ಕೆಳಗಿರುವುದರಿಂದ ಮಂಡಿ ಎದೆಗೆ ಬರುತ್ತದೆ. ಪೆಡಲು ಕೆಳತುದಿಯಲ್ಲಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗುವಷ್ಟು ಸೀಟು ಎತ್ತರವಿದ್ದರೆ, ಮುಂಗಾಲಿನಲ್ಲಿ ತುಳಿಯುವಾಗ ಮಂಡಿ ಸ್ವಲ್ಪ ಬಾಗಿ ಸರಿಹೋಗುತ್ತದೆ.

ತುಳಿಯದೆ ಹೋಗುವಾಗ ಪೆಡಲು ಎಲ್ಲಿರಬೇಕು ಅನ್ನುವುದನ್ನು ಯಾರೂ ಹೇಳಿಕೊಡುವುದಿಲ್ಲ. ಪ್ರತಿ ಊರಿನ ಮುಂದೆ ಊರವರೇ ಹಾಕಿಕೊಂಡ ಹಂಪು, ಪೈಪಿಗೆ ಅಗೆದು ಮುಚ್ಚಿದ ಗುಂಡಿ ಇರುವ ನಮ್ಮ ರಸ್ತೆಯಲ್ಲಿ ಇದು ಮುಖ್ಯ. ಹಂಪು ಕಂಡಾಗ ಎರಡು ಪೆಡಲೂ ನೆಲಕ್ಕೆ ಸಮನಾಗಿ, ಒಂದು ಮುಂದೆ ಒಂದು ಹಿಂದೆ ನಿಲ್ಲಬೇಕು. ಎರಡು ಕಾಲಿನ ಮೇಲೂ ಭಾರ ಹಂಚಿ, ಸೀಟಿನಿಂದ ಒಂದಿಷ್ಟು ಮೇಲೆದ್ದರೆ ಬೆನ್ನಿಗೂ ಪೆಟ್ಟಿಲ್ಲ, ಪೆಡಲೂ ಹಂಪಿನ ನೆತ್ತಿಗೆ ತಾಗುವುದಿಲ್ಲ. ತಿರುವಿನಲ್ಲಿ ಲೆಕ್ಕ ಬೇರೆ. ಎಡಕ್ಕೆ ತಿರುಗುವಾಗ ಎಡ ಪೆಡಲು ಮೇಲಿರಬೇಕು, ಬಲಕ್ಕೆ ತಿರುಗುವಾಗ ಬಲದ್ದು. ತಿರುವಿನ ಒಳಗಡೆ ಪೆಡಲು ಕೆಳಗಿದ್ದರೆ ಸೈಕಲ್ಲು ವಾಲಿದಾಗ ನೆಲಕ್ಕೆ ತಾಗಿ ಹಿಂದಿನ ಚಕ್ರವನ್ನೇ ಎತ್ತಿ ಹಾಕುತ್ತದೆ. ಕಾಲುವೆ ಏರಿಯ ಮೇಲಿನ ದಾರಿಯಲ್ಲಿ ತಡೆಗೋಡೆ ಇಲ್ಲದ ತಿರುವಿನಲ್ಲಿ ಹೀಗಾದರೆ ಏನಾಗುತ್ತದೆಂದು ಮಂಡ್ಯದವರಿಗೆ ಹೇಳಬೇಕಾಗಿಲ್ಲ.

ಭಾನುವಾರ ಬೆಳಗ್ಗೆ ಕನಕಪುರ ಕಡೆಯಿಂದ ಮಳವಳ್ಳಿ ಹಾದು ಶಿವನಸಮುದ್ರಕ್ಕೋ ತಲಕಾಡಿಗೋ ಹೋಗುವ ಬೆಂಗಳೂರಿನ ಸೈಕಲ್ ಸವಾರರದು ಬೇರೆಯದೇ ಪೆಡಲು. ಬಿಗಿ ಬಟ್ಟೆ, ಹೆಲ್ಮೆಟ್ಟು, ಬಾಟಲಿ, ಟಕ್ ಅಂತ ಪೆಡಲಿಗೆ ಕಚ್ಚಿಕೊಳ್ಳುವ ಶೂ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರಿನ ಜೊತೆ ಮೋಟಾರಿಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ಅದನ್ನು ಬಿಟ್ಟು ನೆರಳಿನ ಒಳರಸ್ತೆ ಹುಡುಕುವವರಿಗೆ ಈ ಸೀಮೆ ಅಚ್ಚುಮೆಚ್ಚು. ಅವರಲ್ಲಿ ಕೆಲವರು 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕಾದ ಬ್ರೆವೆ ಸವಾರಿಯವರು. ಟೀ ಅಂಗಡಿ ಮುಂದೆ ಅವರು ನಿಂತಾಗ ಊರಿನ ಹುಡುಗರ ಕಣ್ಣು ಮೊದಲು ಹೋಗುವುದು ಆ ಶೂ ಮೇಲೆ. ಕಾಲು ಪೆಡಲಿಗೆ ಅಂಟಿಕೊಂಡರೆ ಕೆಳಗೆ ಇಳಿಯುವುದು ಹೇಗೆ?

ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಿದರೆ ಬಿಟ್ಟುಕೊಳ್ಳುತ್ತದೆ, ಅಷ್ಟೇ. ಶೂ ತಳದಲ್ಲಿ ಕ್ಲೀಟ್ ಅನ್ನುವ ಒಂದು ಬಿಲ್ಲೆ, ಪೆಡಲಿನಲ್ಲಿ ಸ್ಪ್ರಿಂಗಿನ ದವಡೆ. ಹಿಮದ ಮೇಲೆ ಜಾರುವ ಸ್ಕೀ ಆಟದವರ ಬೂಟು ಹಿಡಿದಿಡುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇದನ್ನು ಸೈಕಲ್ಲಿಗೆ ತಂದಿತು. ಮರುವರ್ಷವೇ ಬರ್ನಾರ್ಡ್ ಹಿನೊ ಈ ಪೆಡಲಿನಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ಗೆದ್ದ. ಅದಕ್ಕೂ ಮುಂಚೆ ರೇಸಿನವರು ಪೆಡಲಿನ ಮುಂದೊಂದು ಕಬ್ಬಿಣದ ಬುಟ್ಟಿ ಹಾಕಿ, ತೊಗಲಿನ ಪಟ್ಟಿಯಿಂದ ಪಾದವನ್ನು ಬಿಗಿದು ಕಟ್ಟಿಕೊಳ್ಳುತ್ತಿದ್ದರು. ಬೀಳುವಾಗ ಬಗ್ಗಿ ಪಟ್ಟಿ ಬಿಚ್ಚಲು ಯಾರಿಗೆ ಪುರಸೊತ್ತು? 1990ರಲ್ಲಿ ಜಪಾನಿನ ಶಿಮಾನೊ ಕಂಪನಿ ಎರಡು ಸ್ಕ್ರೂ ಇರುವ ಚಿಕ್ಕ ಕ್ಲೀಟಿನ ಪೆಡಲು ತಂದಿತು. ಕ್ಲೀಟು ತಳದೊಳಗೆ ಹುದುಗಿರುವುದರಿಂದ ಆ ಶೂ ಹಾಕಿಕೊಂಡು ನಡೆಯಬಹುದು. ರೇಸಿನ ಮೂರು ಸ್ಕ್ರೂ ಕ್ಲೀಟಿನಲ್ಲಿ ಟೀ ಅಂಗಡಿಯ ಸಿಮೆಂಟಿನ ಮೆಟ್ಟಿಲು ಹತ್ತುವುದೇ ಒಂದು ಸರ್ಕಸ್ಸು.

ಈ ಪೆಡಲಿನಿಂದ ಬೀಳುವುದು ವೇಗದಲ್ಲಲ್ಲ, ನಿಲ್ಲುವಾಗ. ಅಡ್ಡ ಬಂದ ಕುರಿಮಂದೆಗೆ ಬ್ರೇಕು ಹಾಕಿ ಸೈಕಲ್ಲು ನಿಂತಾಗ ಕಾಲು ಅಭ್ಯಾಸದಂತೆ ಮೇಲಕ್ಕೆ ಎಳೆಯುತ್ತದೆ. ಪೆಡಲು ಬಿಡುವುದಿಲ್ಲ, ಸವಾರ ಬುಡ ಕಡಿದ ಬಾಳೆಗಿಡದ ಹಾಗೆ ಪಕ್ಕಕ್ಕೆ ಒರಗುತ್ತಾನೆ. ಮೊಣಕೈ, ಮಣಿಕಟ್ಟು, ಸೊಂಟಕ್ಕೆ ಬೀಳುವ ಪೆಟ್ಟು ಅದು. ಹೊಸದಾಗಿ ಹಾಕಿಸಿಕೊಂಡವರು ಮೊದಲು ಗೋಡೆ ಹಿಡಿದು ನಿಂತು, ಆಮೇಲೆ ಹುಲ್ಲಿನ ಮೈದಾನದಲ್ಲಿ, ಕಾಲು ಯೋಚಿಸದೆ ತಿರುಗುವ ತನಕ ಕಚ್ಚಿಸಿ ಬಿಡಿಸಿ ಕಲಿಯಬೇಕು. ಸ್ಪ್ರಿಂಗಿನ ಬಿಗಿ ಕಡಿಮೆ ಮಾಡಲು ಪೆಡಲಿನಲ್ಲೇ ಒಂದು ಚಿಕ್ಕ ಸ್ಕ್ರೂ ಇರುತ್ತದೆ, 3 ಎಂಎಂ ಅಲೆನ್ ಕೀ ಸಾಕು. ಎರಡೂ ಪೆಡಲಿನ ಎಲ್ಲ ಸ್ಕ್ರೂಗಳನ್ನು ಸಮನಾಗಿ ಸಡಿಲಿಸಬೇಕು. ಮೂರು ಸ್ಕ್ರೂ ಕ್ಲೀಟಿನವರು ಮೊದಲಿಗೆ ಶಿಮಾನೊದ ಹಳದಿ ಬಣ್ಣದ್ದನ್ನು ತೆಗೆದುಕೊಳ್ಳುವುದು ಒಳ್ಳೆಯದು. ಅದರಲ್ಲಿ ಪಾದ 6 ಡಿಗ್ರಿಯಷ್ಟು ಆಡಲು ಅವಕಾಶವಿದೆ, ಮಂಡಿ ಉಳಿಯುತ್ತದೆ. ಕೆಂಪಿನದರಲ್ಲಿ ಪಾದ ಕದಲುವುದೇ ಇಲ್ಲ.

ನಿಲ್ಲುವ ಮೊದಲು ಯಾವ ಕಾಲು ಬಿಡಿಸಬೇಕು? ಎಡಗಡೆ ಚಲಿಸುವ ನಮ್ಮ ದೇಶದಲ್ಲಿ ಎಡಗಾಲು ಅನ್ನುವುದು ಸರಿಯಾದ ಉತ್ತರ, ವಾಲಿದರೂ ಲಾರಿಯ ಕಡೆಗೆ ವಾಲುವುದಿಲ್ಲ. ಆದರೆ ಪೂರಿಗಾಲಿ ಸೀಮೆಯ ರಸ್ತೆಯಲ್ಲಿ ಡಾಂಬರಿನ ಅಂಚು ಮಣ್ಣಿನ ಪಕ್ಕಕ್ಕಿಂತ ಗೇಣುದ್ದ ಎತ್ತರ. ಅಂಚಿನಲ್ಲೇ ನಿಂತು ಎಡಗಾಲು ಚಾಚಿದರೆ ನೆಲ ಸಿಗುವುದಿಲ್ಲ. ಒಂದೋ ಡಾಂಬರಿನ ಮೇಲೆ ಒಂದು ಮೊಳ ಒಳಗೆ ನಿಲ್ಲಬೇಕು, ಇಲ್ಲವೇ ಪೂರ್ತಿ ಮಣ್ಣಿಗೆ ಇಳಿದು ನಿಲ್ಲಬೇಕು. ಮಣ್ಣಿಗೆ ಇಳಿದಿರೋ, ಕ್ಲೀಟಿನೊಳಗೆ ಕೆಸರು. ಕಬ್ಬು ಕಟಾವಿನ ಟ್ರ್ಯಾಕ್ಟರುಗಳು ಎಳೆದು ತಂದ ಅಂಟು ಮಣ್ಣು ಅದರಲ್ಲಿ ಕೂತು ಒಣಗಿದರೆ ಪೆಡಲು ಕಚ್ಚುವುದೂ ಇಲ್ಲ, ಕಚ್ಚಿದರೆ ಬಿಡುವುದೂ ಕಷ್ಟ. ಒಂದು ಮಗ್ಗುಲು ಸಪಾಟು, ಇನ್ನೊಂದು ಮಗ್ಗುಲು ಕಚ್ಚುವಂಥ ಪೆಡಲೂ ಸಿಗುತ್ತದೆ. ಊರು ದಾಟುವಾಗ, ಸಂತೆಯ ದಿನ, ಹಂಪಿನ ಸಾಲಿನಲ್ಲಿ ಸಪಾಟು ಕಡೆ ತುಳಿದು, ಖಾಲಿ ರಸ್ತೆಯಲ್ಲಿ ಕಚ್ಚಿಸಿಕೊಳ್ಳಬಹುದು. ಇದನ್ನು ಹೆಚ್ಚು ಮಂದಿ ಯಾಕೆ ಬಳಸುವುದಿಲ್ಲವೋ, ಬಹುಶಃ ರೇಸಿನವರ ಹಾಗೆ ಕಾಣುವುದಿಲ್ಲ ಅಂತ ಇರಬೇಕು. ಶಾಲೆಗೆ, ಹೊಲಕ್ಕೆ, ಡೇರಿಗೆ ಹೋಗುವವರಿಗೆ ಕಚ್ಚುವ ಪೆಡಲಿನಿಂದ ಯಾವ ಲಾಭವೂ ಇಲ್ಲ. ಆ ದುಡ್ಡಿನಲ್ಲಿ ಹತ್ತು ಜೊತೆ ರಬ್ಬರ್ ಪೆಡಲು ಬರುತ್ತದೆ.

ಬ್ಯಾಟರಿ ಸೈಕಲ್ಲಿನವರಿಗೆ ಒಂದು ಎಚ್ಚರಿಕೆ ಹೇಳಬೇಕು, ಯಾಕೆಂದರೆ ನಮ್ಮ ಹಳೆಯ ಅಭ್ಯಾಸವೇ ಅಲ್ಲಿ ವೈರಿ. ಪೆಡಲು ತುಳಿದಾಗ ಮೋಟಾರು ಕೈಜೋಡಿಸುವ ಈ ಸೈಕಲ್ಲಿನಲ್ಲಿ ಎಡ ಪೆಡಲಿನ ಮೇಲೆ ಕಾಲಿಟ್ಟು ನೆಲ ಒದೆಯುತ್ತಾ ಹತ್ತಲು ಹೋದರೆ, ಪೆಡಲು ಅದುಮಿದ್ದನ್ನು ಮೋಟಾರು ತುಳಿತ ಅಂತಲೇ ಎಣಿಸಬಹುದು. ಸವಾರ ಇನ್ನೂ ಒಂದು ಕಾಲಿನಲ್ಲಿ ಇರುವಾಗಲೇ ಸೈಕಲ್ಲು ಮುಂದಕ್ಕೆ ಚಿಮ್ಮುತ್ತದೆ. ಬ್ರೇಕು ಹಿಡಿದು, ಮೊದಲು ಕಾಲು ದಾಟಿಸಿ ಕೂತು, ಆಮೇಲೆ ಪೆಡಲಿಗೆ ಕಾಲಿಡಬೇಕು.

ಕತ್ತಲಾದ ಮೇಲೆ ಪೆಡಲಿಗೆ ಇನ್ನೊಂದು ಕೆಲಸವಿದೆ. ಹಿಂದೆ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದ ಕಾಲವಿತ್ತು. ಡೈನಮೊ ಹೋಯಿತು, ಹಿಡಿಯುವವರೂ ಹೋದರು. ಈಗ ಪೆಡಲಿನ ಮುಂದೆ ಹಿಂದೆ ಇರುವ ಹಳದಿ ಪ್ಲಾಸ್ಟಿಕ್ಕಿನ ಚೂರುಗಳೇ ಎಷ್ಟೋ ಸೈಕಲ್ಲಿಗೆ ಇರುವ ದೀಪ. ಸೈಕಲ್ಲಿನ ರಿಫ್ಲೆಕ್ಟರುಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರ್ಕಾರ 2020ರಲ್ಲಿ ಒಂದು ಆದೇಶವನ್ನೇ ಹೊರಡಿಸಿದೆ. ಹಿಂದಿನ ಮಡ್‌ಗಾರ್ಡಿನ ಕೆಂಪು ಬಿಲ್ಲೆಗಿಂತ ಪೆಡಲಿನ ಹಳದಿ ಹೆಚ್ಚು ಕೆಲಸ ಮಾಡುತ್ತದೆ. ಕೆಂಪು ಬಿಲ್ಲೆ ಅಲುಗದೆ ನಿಂತಿರುತ್ತದೆ, ದೂರದ ಡ್ರೈವರಿಗೆ ಅದು ರಸ್ತೆಬದಿಯ ಕಂಬವೂ ಇರಬಹುದು, ನಿಂತ ಟ್ರೇಲರೂ ಇರಬಹುದು. ಪೆಡಲಿನ ಎರಡು ಚುಕ್ಕಿಗಳು ಒಂದಡಿಗೂ ಚೂರು ಹೆಚ್ಚು ಅಂತರದಲ್ಲಿ, ಒಂದು ಏರಿದಾಗ ಇನ್ನೊಂದು ಇಳಿಯುತ್ತಾ ಹೋಗುತ್ತವೆ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಯೊಹಾನ್ಸನ್ 1973ರಲ್ಲಿ ಇಂಥ ಚಲನೆಯ ಮಹತ್ವವನ್ನು ತೋರಿಸಿಕೊಟ್ಟ. ಕತ್ತಲಲ್ಲಿ ಒಬ್ಬನ ಕೀಲುಗಳಿಗೆ ಮಾತ್ರ ಬೆಳಕಿನ ಚುಕ್ಕಿ ಹಚ್ಚಿ ನಿಲ್ಲಿಸಿದರೆ ನೋಡುವವರಿಗೆ ಏನೂ ತಿಳಿಯುವುದಿಲ್ಲ, ಅವನು ನಡೆಯತೊಡಗಿದ ಕ್ಷಣವೇ ಮನುಷ್ಯ ಅಂತ ಗುರುತು ಹತ್ತುತ್ತದೆ. ನಮ್ಮ ಕಣ್ಣು ಮನುಷ್ಯರ ಕಾಲಿನ ಚಲನೆಯನ್ನು ಅಷ್ಟು ಬೇಗ ಹಿಡಿಯುತ್ತದೆ.

ಕೆ.ಎಂ. ದೊಡ್ಡಿ, ಕೊಪ್ಪದ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಸಾಗುವ ತಿಂಗಳುಗಳಲ್ಲಿ ರಾತ್ರಿ ರಸ್ತೆಗೆ ಇಳಿಯುವ ಸೈಕಲ್ಲಿನವರು ಈ ಚುಕ್ಕಿಗಳ ಮೇಲಿನ ಕೆಸರನ್ನು ಹೊರಡುವ ಮುಂಚೆ ಬೆರಳಿನಿಂದ ಒರೆಸಬೇಕು. ಕಡ್ಡಿ ಮಾತ್ರ ಉಳಿದ ಪೆಡಲಿನಲ್ಲಿ ಒರೆಸಲು ಏನೂ ಇರುವುದಿಲ್ಲ. ಕಚ್ಚುವ ಪೆಡಲಿನವರದ್ದೂ ಇದೇ ಕಥೆ, ಅಂಥ ಹೆಚ್ಚಿನ ಪೆಡಲಿನಲ್ಲಿ ರಿಫ್ಲೆಕ್ಟರಿಗೆ ಜಾಗವೇ ಇಲ್ಲ, ಶೂ ಹಿಮ್ಮಡಿಗೆ ಅಂಟಿಸಿಕೊಳ್ಳಬೇಕು. ಉಳಿದವರಿಗೆ ಬೈಕಿನ ನಂಬರ್ ಪ್ಲೇಟ್ ಮಾಡುವ ಅಂಗಡಿಯಲ್ಲಿ ಸಿಗುವ ರೇಡಿಯಂ ಸ್ಟಿಕ್ಕರಿನ ಎರಡು ಪಟ್ಟಿ ಸಾಕು. ಪೆಡಲಿನ ರಬ್ಬರಿಗೆ ಅಂಟಿಸಿದರೆ ಎರಡು ದಿನಕ್ಕೆ ಚಪ್ಪಲಿ ತಿಂದುಹಾಕುತ್ತದೆ, ಜಾರುತ್ತದೆ ಕೂಡ. ಕ್ರ್ಯಾಂಕಿನ ಹಿಂಬದಿಗೆ, ಸೀಮೆಎಣ್ಣೆಯಲ್ಲೋ ಪೆಟ್ರೋಲಿನಲ್ಲೋ ಒರೆಸಿ ಒಣಗಿಸಿದ ಮೇಲೆ, ಪೆಡಲಿನ ಕಡೆ ತುದಿಗೆ ಸುತ್ತಿಬರುವಂತೆ ಅಂಟಿಸಬೇಕು.